ಎರಡು ಬೆರಳು ಕೆಳಗೆ

ಸೈಕಲ್ಲಿನ ಸೀಟು ಎರಡು ಬೆರಳಿನಷ್ಟು ಮೇಲೇರಿತ್ತು. ಆದದ್ದು ಅಷ್ಟೇ. ಆದರೆ ಏರಿಸಿದ್ದು ಟೈಲರ್ ಮಾಸ್ಟರಲ್ಲ; ಅವರನ್ನು ಒಂದು ಮಾತು ಕೇಳಿ ಏರಿಸಿದ್ದೂ ಅಲ್ಲ. ಭಾನುವಾರ ಬೆಳಿಗ್ಗೆ, ಉಸಿರು ಬಿಟ್ಟರೆ ಹೊಗೆಯಾಗುವ ಚಳಿಯಲ್ಲಿ, ಮಾಸ್ಟರು ಬೀದಿಯ ತಿರುವಿಗೆ ಬಂದು, ಹಾಲಿನ ವ್ಯಾನು ಅಡ್ಡ ಬಂತೆಂದು ಬ್ರೇಕ್ ಹಿಡಿದು, ಎಂದಿನಂತೆ ಅಂಗಾಲು ಪೂರ್ತಿ ಊರಲು ಕಾಲು ಇಳಿಬಿಟ್ಟರು. ನೆಲ ಇರಬೇಕಾದ ಕಡೆ ನೆಲ ಇರಲಿಲ್ಲ. ಸೈಕಲ್ ಒಂದು ಕಡೆ, ಮಾಸ್ಟರು ಒಂದು ಕಡೆ, ಮಂಕಿ ಟೋಪಿ ಚರಂಡಿಯ ಕಡೆ.

ಹಾಲಿನವನು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ವ್ಯಾನಿನಿಂದ ತಲೆ ಹೊರಗೆ ಹಾಕಿ, "ಸೀಟು ಸ್ವಲ್ಪ ಎತ್ತರ ಆಯ್ತೇನೋ ಮಾಸ್ಟ್ರೇ" ಎಂದು ಸಲಹೆ ಕೊಟ್ಟು ಹೋದ.

ಸಲಹೆ! ಆ ಪದ ಕಿವಿಗೆ ಬಿದ್ದರೇ ಮಾಸ್ಟರಿಗೆ ಮೈಯೆಲ್ಲ ಉರಿಯುತ್ತಿತ್ತು. ಸೈಕಲ್ ಗುಂಪಿಗೆ ಸೇರಿದಂದಿನಿಂದ ಅವರು ತುಳಿದದ್ದಕ್ಕಿಂತ ಕೇಳಿಸಿಕೊಂಡದ್ದೇ ಹೆಚ್ಚು. ಕುಂಟುತ್ತ ಮನೆಗೆ ವಾಪಸು ಬಂದು, ಸೀಟನ್ನು ಯಾರು ಮುಟ್ಟಿದ್ದು ಎಂದು ಹೆಂಡತಿಯನ್ನು ಕೇಳಿದರು. ಹಿಂದಿನ ದಿನ ಸಂಜೆ ಔಷಧಿ ಅಂಗಡಿಯವನು ಪ್ಯಾಂಟು ತೆಗೆದುಕೊಂಡು ಹೋಗಲು ಬಂದಾಗ ಸೈಕಲ್ಲಿನ ಹತ್ತಿರ ಬಗ್ಗಿಕೊಂಡು ಏನೋ ಮಾಡುತ್ತಿದ್ದನೆಂದೂ, ಗಾಳಿ ನೋಡುತ್ತಿದ್ದಾನೆ ಅಂದುಕೊಂಡೆನೆಂದೂ ಆಕೆ ಹೇಳಿದರು. ಮೊಣಕೈ ತರಚಿದ್ದಕ್ಕೆ ಅರಿಶಿನ ಹಚ್ಚಿಕೊಳ್ಳಿ ಎಂದೂ ಸೇರಿಸಿದರು. ಮಾಸ್ಟರು ದುರುಗುಟ್ಟಿ ನೋಡಿದ ಮೇಲೆ, ಬೇಡದಿದ್ದರೆ ಬಿಡಿ ಎಂದು ಒಳಗೆ ಹೋದರು.

ಮಾಸ್ಟರು ಸ್ಪ್ಯಾನರ್ ಹಿಡಿದು ಸೀಟನ್ನು ಮೊದಲಿದ್ದಲ್ಲಿಗೆ ಇಳಿಸಿದರು. ಸಿಟ್ಟು ಇಳಿಯಲಿಲ್ಲ. ಅದಕ್ಕೂ ಎರಡು ಬೆರಳು ಕೆಳಗೆ ಇಳಿಸಿದರು. ಸೀಟಿನ ಮೂತಿಯನ್ನು ಒಂದಿಷ್ಟು ಮೇಲಕ್ಕೆ ಎತ್ತಿ, ನಟ್ಟನ್ನು ಔಷಧಿಯವನ ಕುತ್ತಿಗೆ ಎಂದುಕೊಂಡು ತಿರುಗಿಸಿದರು.

ಗುಂಪು ಎಂದರೆ ನಾಲ್ಕೇ ಜನ. ಔಷಧಿ ಅಂಗಡಿಯವನು ಒಬ್ಬ. ಮಾಸ್ಟರ ಹೆಂಡತಿಯ ತಮ್ಮ, ವಿಮಾ ಕಚೇರಿಯ ಗುಮಾಸ್ತ, ಇನ್ನೊಬ್ಬ. ನಿವೃತ್ತ ಹೆಡ್‌ಮಿಸ್ಟ್ರೆಸ್ ದೊಡ್ಡ ಮಿಸ್ಸು ಇವರಿಗೆಲ್ಲ ಮುಂದಾಳು. ಮಾಸ್ಟರೂ ಔಷಧಿಯವನೂ ಚಡ್ಡಿ ಹಾಕುವ ವಯಸ್ಸಿನಲ್ಲಿ ಆಕೆಯ ಕೈಯಲ್ಲಿ ಏಟು ತಿಂದವರು. ಈಗಲೂ ಆಕೆ ಬಂದರೆ ಎದ್ದು ನಿಲ್ಲುತ್ತಾರೆ. ನಾಲ್ವರದೂ ಒಂದೇ ಅಂಗಡಿಯ, ಒಂದೇ ಬಣ್ಣದ ಸೈಕಲ್ಲು. ಚಳಿಗಾಲ ಶುರುವಾದಾಗ ಮಾಸ್ಟರೇ ಒಂದು ಹಳೆಯ ಕಂದು ಕಂಬಳಿ ಕತ್ತರಿಸಿ ನಾಲ್ಕು ಸೈಕಲ್ಲಿಗೂ ಸೀಟಿಗೊಂದು ಹೊದಿಕೆ, ಹ್ಯಾಂಡಲಿಗೆ ಎರಡು ಕುಲಾವಿ ಹೊಲಿದುಕೊಟ್ಟಿದ್ದರು. ಕುಲಾವಿಯೊಳಗೆ ಕೈ ತೂರಿಸಿದರೆ ಬೆರಳು ಮರಗಟ್ಟುವುದಿಲ್ಲ. ಒಳಗಡೆ ಒಂದು ಪುಟ್ಟ ಜೇಬು ಬೇರೆ. ಮಾಸ್ಟರು ಅದರಲ್ಲಿ ಅಳತೆ ಟೇಪು ಇಡುತ್ತಿದ್ದರು, ಔಷಧಿಯವನು ಮುಲಾಮಿನ ಡಬ್ಬಿ ಇಡುತ್ತಿದ್ದ.

ಹೊರಡುವ ಮುಂಚೆ ದೊಡ್ಡ ಮಿಸ್ಸಿನ ಮನೆಯ ಜಗುಲಿಯಲ್ಲಿ ಕೂತು, ಕಳೆದ ವಾರ ಯಾರಿಗೆ ಎಲ್ಲೆಲ್ಲಿ ನೋವಾಯಿತು, ಎಲ್ಲೆಲ್ಲಿ ಚಳಿಯಾಯಿತು ಎಂದು ಒಬ್ಬೊಬ್ಬರೂ ಹೇಳಬೇಕು, ಉಳಿದವರು ಪರಿಹಾರ ಸೂಚಿಸಬೇಕು. ಇದು ಮಿಸ್ಸು ಮಾಡಿದ ನಿಯಮ. ಹೇಳುವ ಸರದಿ ನಾಲ್ವರದು, ಪರಿಹಾರವೆಲ್ಲ ಮಾಸ್ಟರೊಬ್ಬರಿಗೆ. ಯಾಕೆಂದರೆ ನೀರಿನ ಟ್ಯಾಂಕಿನ ಏರಿನಲ್ಲಿ ಪ್ರತಿ ವಾರವೂ ಅರ್ಧಕ್ಕೆ ಇಳಿದು, ಸೈಕಲ್ಲನ್ನು ಹಟಮಾರಿ ಎಮ್ಮೆಯಂತೆ ತಳ್ಳಿಕೊಂಡು ಬರುವವರು ಅವರೊಬ್ಬರೇ. ಮೇಲೆ ನಿಂತ ಮೂವರೂ ಅವರು ಬರುವುದನ್ನೇ ನೋಡುತ್ತ, ಏನೇನು ಹೇಳಬೇಕೆಂದು ಸಿದ್ಧಮಾಡಿಕೊಂಡಿರುತ್ತಿದ್ದರು.

ಮಾಸ್ಟರು ಅವತ್ತು ಸೈಕಲ್ ತಳ್ಳಿಕೊಂಡೇ ತಡವಾಗಿ ಬಂದು, ಗೇಟಿನ ಪಕ್ಕ ಗೋಡೆಯ ತುದಿಗೆ ಅದನ್ನು ಒರಗಿಸಿ, ಮುಖ ಗಂಟು ಹಾಕಿಕೊಂಡು ಜಗುಲಿಗೆ ಹೋದರು. ಔಷಧಿಯವನನ್ನು ಹಿಡಿದು ಕೇಳಬೇಕು ಎನ್ನುವಷ್ಟರಲ್ಲಿ ದೊಡ್ಡ ಮಿಸ್ಸು ಹಳೆಯ ಪೇಪರು ತಂದು, ಅಂಗಿಯೊಳಗೆ ಎದೆಗೆ ಇಟ್ಟುಕೋ, ಗಾಳಿ ತಡೆಯುತ್ತೆ ಎಂದರು. ಮಿಸ್ಸಿಗೆ ಇಲ್ಲ ಎನ್ನಲು ಮಾಸ್ಟರಿಗೆ ಬಾಯಿ ಬರಲಿಲ್ಲ. ಇಟ್ಟುಕೊಂಡರು. ಭಾವಮೈದುನ ಎರಡು ಪ್ಲಾಸ್ಟಿಕ್ ಚೀಲ ತಂದು, ಕಾಲುಚೀಲದ ಮೇಲೆ ಇದನ್ನು ಹಾಕಿಕೊಂಡು ಬೂಟು ಹಾಕಿ ಎಂದ. ಅವನೇ ಕೂತು ಹಾಕಿಯೂ ಬಿಟ್ಟ. ಆಮೇಲೆ ಮಾಸ್ಟರು ಉಸಿರಾಡಿದರೆ ಎದೆ ಪರಪರ ಎನ್ನುತ್ತಿತ್ತು, ಹೆಜ್ಜೆಯಿಟ್ಟರೆ ಕಾಲು ಚರಚರ ಎನ್ನುತ್ತಿತ್ತು. ಸಿಟ್ಟು ಬಂದಷ್ಟೂ ಉಸಿರು ಜೋರಾಗಿ, ಉಸಿರು ಜೋರಾದಷ್ಟೂ ಪೇಪರು ಜೋರಾಗಿ, ಅವರ ಸಿಟ್ಟು ಇಡೀ ಜಗುಲಿಗೆ ಕೇಳಿಸುತ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯವರು ಕಾರು ತೆಗೆಯಲು ಹಾರ್ನ್ ಹೊಡೆದರು. ದೊಡ್ಡ ಮಿಸ್ಸು ಹೊರಗೆ ಹೋಗಿ, ಅಡ್ಡಾದಿಡ್ಡಿ ನಿಂತಿದ್ದ ಸೈಕಲ್ಲುಗಳನ್ನು ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸುವ ಹಾಗೆ ಸಾಲಾಗಿ ನಿಲ್ಲಿಸಿ ಬಂದರು.

"ಸೀಟು ಸರಿಹೋಯ್ತಾ ಮಾಸ್ಟ್ರೇ?" ಔಷಧಿ ಅಂಗಡಿಯವನು ನಗುನಗುತ್ತ ಕೇಳಿದ. "ನಿನ್ನೆ ನಾನೇ ಏರಿಸಿಟ್ಟೆ. ನಾಲ್ಕು ದಿನ ಹಿಂಸೆ ಅನ್ಸುತ್ತೆ. ಆಮೇಲೆ ಅಭ್ಯಾಸ ಆಗುತ್ತೆ."

ಅಲ್ಲಿಗೆ ಪಿತ್ತ ನೆತ್ತಿಗೇರಿತು. ಮಾಸ್ಟರು ಎದ್ದು ನಿಂತರು, ಪೇಪರೂ ಎದ್ದು ನಿಂತಿತು.

"ಏನ್ರೀ ಅಭ್ಯಾಸ? ಈ ಊರಲ್ಲಿ ಯಾರ ಸೊಂಟ ಎಷ್ಟು, ಯಾರ ಕಾಲು ಎಷ್ಟು ಅಂತ ನನಗೆ ಬಾಯಿಪಾಠ. ನಿಮ್ಮ ಪ್ಯಾಂಟಿನ ಅಳತೆ, ನನ್ನ ಪ್ಯಾಂಟಿನ ಅಳತೆ ಎರಡೂ ಒಂದೇ ಅಂತ ನಿಮಗೆ ಹೇಳಿದ್ದೇ ನಾನು. ನನ್ನ ಮೈಗೆ ನೀವು ಅಳತೆ ಹೇಳ್ತೀರಾ? ಮೂಗಿಗೆ ವ್ಯಾಸಲೀನ್ ಹಚ್ಚು ಅಂತೀರಿ, ಹಚ್ಚಿದೆ, ಧೂಳೆಲ್ಲ ಅಂಟ್ಕೊಳ್ತು. ಎರಡು ಪ್ಯಾಂಟು ಹಾಕು ಅಂತೀರಿ, ಹಾಕಿದೆ, ಮಂಡಿ ಮಡಚಕ್ಕೇ ಆಗ್ಲಿಲ್ಲ. ಸಾಕು. ಸೈಕಲ್ ನನ್ನದು, ಕೂರೋ ಜಾಗಾನೂ ನನ್ನದು."

ಭಾವಮೈದುನ ಮಧ್ಯೆ ಬಾಯಿ ಹಾಕಿ, ಸಿಟ್ಟಿನಲ್ಲಿ ಹಲ್ಲು ಕಚ್ಚಬೇಡಿ ಭಾವ, ಚಳಿಯಲ್ಲಿ ದವಡೆ ಹಿಡ್ಕೊಳ್ಳುತ್ತೆ ಎಂದ. ಮಾಸ್ಟರು ಅವನ ಕಡೆ ತಿರುಗಿದ ರೀತಿಗೆ ಅವನು ಮಿಸ್ಸಿನ ಕುರ್ಚಿಯ ಹಿಂದಕ್ಕೆ ಸರಿದ.

"ಕೇಳಿ ಎಲ್ರೂ" ಎಂದರು ಮಾಸ್ಟರು. "ಇವತ್ತು ಟ್ಯಾಂಕಿನ ಏರನ್ನ ಒಂದು ಸಲವೂ ಕಾಲು ಊರದೆ ಹತ್ತುತ್ತೀನಿ. ನನ್ನ ಅಳತೆಯ ಸೀಟಲ್ಲೇ ಕೂತು. ಹತ್ತಿದ್ರೆ, ಇನ್ನು ಜನ್ಮದಲ್ಲಿ ಸೈಕಲ್ ವಿಷಯಕ್ಕೆ ನನಗೆ ಯಾರೂ ಒಂದು ಮಾತು ಹೇಳಕೂಡದು."

"ಹತ್ತದೇ ಹೋದ್ರೆ?" ಎಂದರು ದೊಡ್ಡ ಮಿಸ್ಸು.

"ನೀವು ಹೇಳಿದ್ದೆಲ್ಲ ಬಾಯಿ ಮುಚ್ಕೊಂಡು ಕೇಳ್ತೀನಿ. ಇವನು ಹೇಳಿದ್ದೂ ಸೇರಿ" ಎಂದು ಭಾವಮೈದುನನನ್ನು ತೋರಿಸಿದರು. ಅವರ ಬಾಯಿಂದ ಬರಬಹುದಾದ ಅತಿ ಘೋರ ಶಪಥ ಅದು.

ಆಗಲಿ ಎಂದರು ಮಿಸ್ಸು. ಮಾಸ್ಟರು ಧಡಧಡನೆ ಹೊರಗೆ ಹೋದರು. ಬಿಸಿ ಉಸಿರಿಗೆ ಕನ್ನಡಕ ಮಂಜಾಗಿತ್ತು. ಗೋಡೆಯ ತುದಿಯ ಸೈಕಲ್ಲನ್ನು ಎಳೆದು, ಶಪಥ ಈಗಿನಿಂದಲೇ ಜಾರಿ ಎಂದುಕೊಂಡು, ಗೇಟಿನ ಮೆಟ್ಟಿಲ ಮೇಲಿಂದಲೇ ಹತ್ತಿ ಹೊರಟೇಬಿಟ್ಟರು. ಉಳಿದವರು ಟೋಪಿ, ಕೈಗವಸು ಎನ್ನುತ್ತಿರುವಾಗ ಅವರು ಎರಡು ಬೀದಿ ದಾಟಿದ್ದರು.

ಆಹಾ, ಏನು ಸುಖ! ಎರಡು ಬೆರಳು ಇಳಿಸಿದ್ದಕ್ಕೇ ಇಷ್ಟು ವ್ಯತ್ಯಾಸವೇ? ಮಂಡಿ ಕಿರುಗುಟ್ಟಲಿಲ್ಲ, ಸೊಂಟ ಹಿಡಿಯಲಿಲ್ಲ, ಕೂತ ಜಾಗದಲ್ಲಿ ಮುಳ್ಳಿನ ಮೇಲೆ ಕೂತಂತಾಗಲಿಲ್ಲ. ಪೆಡಲು ತಾನೇ ತಾನಾಗಿ ಸುತ್ತುತ್ತಿತ್ತು. ಮೂರು ಚಳಿಗಾಲ ಈ ಮೂರ್ಖರ ಮಾತು ಕೇಳಿ ಹಾಳು ಮಾಡಿಕೊಂಡೆನಲ್ಲ ಎಂದು ಮಾಸ್ಟರಿಗೆ ಹೊಸದಾಗಿ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಏರು ಹಿಡಿದರು. ಪ್ರತಿ ವಾರ ಇಳಿಯುತ್ತಿದ್ದ ಕಲ್ಲುಬೆಂಚು ಬಂತು. ಅದರ ಕಡೆ ತಿರುಗಿ ಥೂ ಎಂದು ಉಗಿದು ಮುಂದೆ ಹೋದರು. ಎದೆಯ ಪೇಪರು ಬೆವರಿಗೆ ಒದ್ದೆಯಾಗಿ ಸದ್ದಡಗಿತು. ಕೊನೆಯ ತಿರುವು ದಾಟಿ, ಟ್ಯಾಂಕಿನ ಕಟ್ಟೆಗೆ ಸೈಕಲ್ ಒರಗಿಸಿ, ಕಟ್ಟೆಯ ಮೇಲೆಯೇ ಇಳಿದರು. ಕಾಲು ನೆಲಕ್ಕೆ ಸೋಕಿರಲಿಲ್ಲ.

ಹಿಂದೆಯೇ ಬಂದ ದೊಡ್ಡ ಮಿಸ್ಸು, ಭಾವಮೈದುನ ಇಬ್ಬರೂ ಕಣ್ಣಾರೆ ಕಂಡಿದ್ದರು. ಶಭಾಷ್ ಕಣೋ ಎಂದು ಮಿಸ್ಸು ಬೆನ್ನು ತಟ್ಟಿದರು. ಅವರಿಂದ ಮಾಸ್ಟರಿಗೆ ಸಿಕ್ಕ ಮೊದಲ ಶಭಾಷ್ ಅದು. ಇವತ್ತಿನಿಂದ ಇವನಿಗೆ ಯಾರೂ ಏನೂ ಹೇಳಕೂಡದು ಎಂದು ಅಲ್ಲೇ ತೀರ್ಪನ್ನೂ ಕೊಟ್ಟರು.

ಮಾಸ್ಟರು ಎದೆಯುಬ್ಬಿಸಿ, ಸೀಟು ಎಂದರೆ ಅಂಗಾಲು ಊರುವಷ್ಟು ಕೆಳಗಿರಬೇಕು, ಮೂತಿ ಮೇಲಿರಬೇಕು, ಬೇಕಾದರೆ ಅಳೆದು ತೋರಿಸುತ್ತೇನೆ ಎಂದು ಟೇಪಿಗಾಗಿ ಕುಲಾವಿಯ ಜೇಬಿಗೆ ಕೈ ಹಾಕಿದರು. ಕೈಗೆ ತಣ್ಣಗೆ ಏನೋ ದುಂಡಗಿನದು ಸಿಕ್ಕಿತು. ಅರ್ಧ ಹೊರಗೆ ತೆಗೆದು ನೋಡಿದರು. ಮುಲಾಮಿನ ಡಬ್ಬಿ.

ಮೆಲ್ಲಗೆ ಸೀಟಿನ ಕಡೆ ನೋಡಿದರು. ಕಂಬಳಿಯ ಹೊದಿಕೆ ಹೊತ್ತ ಸೀಟು ಅವರ ಸೊಂಟದ ಹತ್ತಿರ ಎತ್ತರವಾಗಿ, ಮೂತಿ ನೆಟ್ಟಗೆ ಇಟ್ಟುಕೊಂಡು ನಿಂತಿತ್ತು. ಡಬ್ಬಿಯನ್ನು ಒಳಕ್ಕೆ ನೂಕಿ, ಟೇಪು ಮನೆಯಲ್ಲೇ ಬಿಟ್ಟು ಬಂದೆ ಅನ್ಸುತ್ತೆ ಎಂದರು.

ಆಗ ಕೆಳಗಿನ ತಿರುವಿನಲ್ಲಿ ಔಷಧಿ ಅಂಗಡಿಯವನು ಕಾಣಿಸಿಕೊಂಡ. ಯಾವತ್ತೂ ಮೊದಲು ಬರುತ್ತಿದ್ದವನು ಸೈಕಲ್ ತಳ್ಳಿಕೊಂಡು, ಮೂಗು ಸುರಿಸಿಕೊಂಡು ಬರುತ್ತಿದ್ದ. ಬಂದವನೇ ಸೈಕಲ್ಲನ್ನು ಕಟ್ಟೆಗೆ ಎಸೆದಂತೆ ಒರಗಿಸಿ, ಅಲ್ಲಿದ್ದ ಚಹಾದ ಗಾಡಿಯ ಒಲೆಯ ಹತ್ತಿರ ಹೋಗಿ ಕುಕ್ಕರಿಸಿದ. ಅವನಿಗೆ ಏನಾಯಿತೋ ಎಂದು ಉಳಿದಿಬ್ಬರೂ ಹಿಂದೆ ಹೋದರು.

ಬೂಟಿನ ದಾರ ಬಿಚ್ಚಿದೆ ಎಂದು ಮಾಸ್ಟರು ಹಿಂದೆ ಉಳಿದರು. ಚಹಾ ಕುಡಿದ ಮೇಲೆ ಔಷಧಿಯವನು ಮಂಡಿಗೆ ಮುಲಾಮು ಹಚ್ಚದೆ ಇರುವವನಲ್ಲ. ಡಬ್ಬಿಗೆ ಕೈ ಹಾಕಿದ ಕೂಡಲೇ ಮಾನ ಹರಾಜು. ಮಾಸ್ಟರು ಅತ್ತ ಇತ್ತ ನೋಡಿ, ತಾವು ಬಂದ ಸೈಕಲ್ಲನ್ನು ಅವನು ಒರಗಿಸಿದಲ್ಲಿಗೆ ಇಟ್ಟು, ಅವನು ತಳ್ಳಿಕೊಂಡು ಬಂದದ್ದನ್ನು ಈಚೆಗೆ ಎಳೆದುಕೊಂಡರು. ಅದರ ಜೇಬಿನಲ್ಲಿ ಟೇಪು ಸುರುಳಿ ಸುತ್ತಿಕೊಂಡು ಮಲಗಿತ್ತು. ನನ್ನ ಸೈಕಲ್ ನಾನು ತಗೊಂಡೆ, ಇದರಲ್ಲಿ ತಪ್ಪೇನು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು.

ಚಹಾದ ಗಾಡಿಯ ಹತ್ತಿರ ಔಷಧಿಯವನು ತಲೆ ತಗ್ಗಿಸಿ ಕೂತಿದ್ದ. "ಕಾಲಲ್ಲಿ ಬಲಾನೇ ಇರ್ಲಿಲ್ಲ ಮಾಸ್ಟ್ರೇ" ಎಂದ. "ಇಷ್ಟು ದಿನ ನಿಮಗೆ ಬುದ್ಧಿ ಹೇಳಿದ್ದಕ್ಕೆ ನಾಚಿಕೆ ಆಗ್ತಿದೆ. ನನ್ನ ಸೀಟಿಗೂ ನಿಮ್ಮ ಅಳತೆ ಕೊಟ್ಟುಬಿಡಿ."

ಮಾಸ್ಟರು ಬೆಚ್ಚಿಬಿದ್ದರು. ಬೇಡ, ಅವರವರ ಮೈಗೆ ಅವರವರ ಅಳತೆ ಎಂದರು. ನಮ್ಮಿಬ್ಬರ ಅಳತೆ ಒಂದೇ ಅಂತ ಬೆಳಿಗ್ಗೆ ನೀವೇ ಹೇಳಿದ್ದಲ್ಲವೇ ಎಂದು ಅವನು ಕೇಳಿದ. ಇವನದೊಂದೇ ಯಾಕೆ, ನಮ್ಮದಕ್ಕೂ ಅದೇ ಇರಲಿ ಎಂದರು ಮಿಸ್ಸು. ಭಾವಮೈದುನ ಸ್ಪ್ಯಾನರ್ ತೆಗೆದೇಬಿಟ್ಟ. ಕುಲಾವಿಯ ಜೇಬಿನಲ್ಲೇ ಟೇಪು ಸಿಕ್ಕಿದಾಗ, "ಇಲ್ಲೇ ಇದೆಯಲ್ಲ ಭಾವ, ಮನೇಲಿದೆ ಅಂದ್ರಿ" ಎಂದು ನಕ್ಕ. ಮಾಸ್ಟರ ಸೀಟನ್ನು ಅಳೆದ, ಔಷಧಿಯವನದನ್ನು ಅಳೆದ.

"ನೋಡಿ, ನಿಮ್ಮದು ಎಷ್ಟು ಮೇಲಿದೆ! ಅದಕ್ಕೇ ಇವತ್ತು ಹತ್ತಕ್ಕಾಗ್ಲಿಲ್ಲ."

ಹೌದು ಹೌದು ಎಂದು ಔಷಧಿಯವನು ಕಣ್ಣರಳಿಸಿದ. ಮಾಸ್ಟರ ಕಣ್ಣೆದುರಿನಲ್ಲೇ ಆ ಸುಖದ ಸೀಟು ಕಿರ್ರೆಂದು ಕೆಳಗಿಳಿಯಿತು, ಅದರ ಮೂತಿ ಮೇಲೆದ್ದಿತು. ಉಳಿದೆರಡಕ್ಕೂ ಅದೇ ಗತಿಯಾಯಿತು.

ಇಳಿಜಾರಿನಲ್ಲಿ ತುಳಿಯುವ ಕೆಲಸವಿರಲಿಲ್ಲ, ಹೇಗೋ ಆಯಿತು. ಸಮ ರಸ್ತೆ ಬಂದ ಕೂಡಲೇ ಮಾಸ್ಟರ ಮಂಡಿಗಳು ಎದೆಗೆ ಬಂದು ಬಡಿಯತೊಡಗಿದವು. ಸೀಟಿನ ಮೂತಿ ಎಲ್ಲಿಗೆ ತಿವಿಯಬಾರದೋ ಅಲ್ಲಿಗೇ ತಿವಿಯಿತು. ತಡೆಯುವಷ್ಟು ತಡೆದು, ಕೊನೆಗೆ ಎದ್ದು ನಿಂತು ತುಳಿಯತೊಡಗಿದರು.

"ಭಾವ, ನಿಂತ್ಕೊಂಡು ತುಳೀಬೇಕಾ?" ಹಿಂದಿನಿಂದ ಭಾವಮೈದುನನ ದನಿ ಬಂತು. ಆ ದನಿಯಲ್ಲೂ ನೋವಿತ್ತು.

"ಹೂಂ. ಚಳಿಗೆ ಒಳ್ಳೇದು" ಎಂದರು ಮಾಸ್ಟರು ಹಲ್ಲು ಕಚ್ಚಿಕೊಂಡು.

ಮೂವರೂ ಎದ್ದು ನಿಂತರು. "ಸ್ವಲ್ಪ ಹಿಂಸೆ ಅನ್ಸುತ್ತೆ ಮಾಸ್ಟ್ರೇ, ಆದ್ರೆ ಅಭ್ಯಾಸ ಆಗುತ್ತೆ ಅಲ್ವಾ?" ಎಂದು ಔಷಧಿಯವನು ವಿನಯದಿಂದ ಕೇಳಿದ. ಮಾಸ್ಟರಿಗೆ ಅವನ ಕೊರಳು ಹಿಸುಕಬೇಕೆನ್ನಿಸಿತು. ಆದರೆ ಪಾಪ, ಅವನು ಈಗ ಏನು ತಪ್ಪು ಮಾಡಿದ್ದ? ಮಿಸ್ಸು ಏನು ಮಾಡಿದ್ದರು? ಇಷ್ಟು ಸಿಟ್ಟನ್ನು ಯಾರ ತಲೆಗೆ ಕಟ್ಟುವುದೆಂದು ತಿಳಿಯದೆ ಮಾಸ್ಟರು ರಸ್ತೆಯನ್ನೇ ದುರುಗುಟ್ಟಿ ನೋಡಿಕೊಂಡು ತುಳಿದರು.

ಬೀದಿಯ ತಿರುವಿನಲ್ಲಿ ಹಾಲಿನ ವ್ಯಾನು ಖಾಲಿ ಕ್ರೇಟುಗಳೊಂದಿಗೆ ವಾಪಸು ಬರುತ್ತಿತ್ತು. ಸಾಲಾಗಿ ನಿಂತುಕೊಂಡೇ ಸೈಕಲ್ ತುಳಿದು ಬರುತ್ತಿದ್ದ ನಾಲ್ವರನ್ನು ಕಂಡು ಹಾಲಿನವನು ವ್ಯಾನು ನಿಲ್ಲಿಸಿದ. ತಲೆ ಹೊರಗೆ ಹಾಕಿ, ಮಾಸ್ಟರ ಸೀಟನ್ನು ನೋಡಿದ, ಮಾಸ್ಟರ ಮುಖ ನೋಡಿದ, ಏನೋ ಹೇಳಲು ಬಾಯಿ ತೆರೆದ. ಹೇಳಪ್ಪಾ, ದೇವರಂಥವನೇ, ಆ ಒಂದು ಮಾತು ಹೇಳಿಬಿಡು ಎಂದು ಮಾಸ್ಟರ ಜೀವ ಒಳಗೊಳಗೇ ಬೇಡಿಕೊಂಡಿತು.

"ಏಯ್" ಎಂದು ದೊಡ್ಡ ಮಿಸ್ಸು ಹಿಂದಿನಿಂದ ಗದರಿದರು. "ಅವನಿಗೆ ಯಾರೂ ಏನೂ ಹೇಳಕೂಡದು."

ಹಾಲಿನವನು ಬಾಯಿ ಮುಚ್ಚಿಕೊಂಡು, ತಲೆ ಒಳಗೆಳೆದುಕೊಂಡು ಹೊರಟುಹೋದ.