ಬೆನ್ನ ರೆಕ್ಕೆಯ ಫೋಟೊ

"ಕ್ಯಾಮೆರಾ ಹಿಡಿಯೋದು ನನಗೇ ಹೇಳ್ಕೊಡಬೇಕಾ?" ಎಂದು ಉಮಾನಾಥರು ಪಕ್ಕದ ಮನೆಯ ಕನ್ನಡಿಗ ಆರ್ಥರ್ ಎದುರು ಅಂದದ್ದೇ ತಪ್ಪಾಯಿತು. ಆರ್ಥರನ ಮಗಳು ನಟಾಶಾ ಡಾಲ್ಫಿನ್ ಸಂಶೋಧಕಿ. ಅವಳ ಫೋಟೊಗ್ರಾಫರಿಗೆ ಜ್ವರ. ಭಾನುವಾರ ಬೆಳಗ್ಗೆ, ನಿಲಾಯ್‌ನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಉಮಾನಾಥರನ್ನು ಆರ್ಥರ್ ಪುಚೊಂಗ್‌ನ ಮನೆಯಿಂದ ಹೊರಡಿಸಿ, ಕ್ಲಾಂಗ್ ಕಡಲತೀರದಲ್ಲಿ ದೋಣಿ ಹತ್ತಿಸಿಯೇಬಿಟ್ಟ. ಡಾಲ್ಫಿನ್ ಜೊತೆ ತನ್ನದೊಂದು ಫೋಟೊ ಬೇಕೆಂದು ಹೆಂಡತಿ ಸುಗಂಧಿಯೂ ಹೊಸ ಸೀರೆಯುಟ್ಟು ಬಂದಳು.

"ಅಂಕಲ್, ಫೇಸ್ ಬೇಡ, ಜಂಪ್ ಬೇಡ," ಎಂದಳು ನಟಾಶಾ, ಆ ದೇಶದ ರೂಢಿಯಂತೆ ಮಾತಿಗೊಂದು 'ಲಾ' ಸೇರಿಸುತ್ತ. "ಬೆನ್ನ ಮೇಲಿನ ಫಿನ್ ಮಾತ್ರ. ನೇರ ಸೈಡಿಂದ, ಶಾರ್ಪ್ ಆಗಿ ಬೇಕು ಲಾ. ಅಂಚಿನ ಕಚ್ಚು ನೋಡಿಯೇ ಯಾವ ಡಾಲ್ಫಿನ್ ಅಂತ ಗೊತ್ತಾಗೋದು."

ಡಾಲ್ಫಿನ್ ಎಡಕ್ಕೆ ಎದ್ದಿತು. ಉಮಾನಾಥರು ತಿರುಗುವಷ್ಟರಲ್ಲಿ ಮುಳುಗಿ ಬಲಕ್ಕೆ ಎದ್ದಿತು. ಮದುವೆಮನೆಯಲ್ಲಿ ಚಪ್ಪಲಿ ಹುಡುಕುವವರಂತೆ ಅವರು ದೋಣಿಯ ಆಚೆ ಈಚೆ ಓಡಾಡಿದರು.

"ಅಗೋ, ಅಲ್ಲಿ! ಛೆ, ಹೋಯ್ತು!" ಎಂದು ಪ್ರತಿಸಲವೂ ಆರ್ಥರ್ ತೊಡೆ ತಟ್ಟಿದ.

ಇನ್ನೂರು ಫೋಟೊಗಳಲ್ಲಿ ಸಿಕ್ಕಿದ್ದು ಅಲೆ, ನೊರೆ, ದೋಣಿಯವನ ಕಿವಿ, ಆರ್ಥರನ ಟೋಪಿ.

"ರೀ, ನನ್ನದೊಂದು ತೆಗೀರಿ," ಎಂದು ಸುಗಂಧಿ ಸೆರಗು ಸರಿಮಾಡಿ ನಿಂತಳು. ಉಮಾನಾಥರು ಗುಂಡಿ ಒತ್ತುವುದಕ್ಕೂ, ಅವಳ ಹಿಂದೆ ಡಾಲ್ಫಿನ್ ಏಳುವುದಕ್ಕೂ ಸರಿಹೋಯಿತು.

ನಟಾಶಾ ಕ್ಯಾಮೆರಾ ಪರದೆ ನೋಡಿ ಕುಣಿದಳು. "ಪರ್ಫೆಕ್ಟ್, ಅಂಕಲ್! ಎರಡು ಕಚ್ಚೂ ಕ್ಲಿಯರ್. ಈ ಫಿನ್ ನಮ್ಮ ಲಿಸ್ಟಲ್ಲೇ ಇಲ್ಲ!"

ಸುಗಂಧಿಯೂ ಇಣುಕಿದಳು. "ಮುಂದೆ ಇದ್ಯಾರು, ಕಡುಬಿಗೆ ಸೀರೆ ಉಡಿಸಿದ ಹಾಗೆ?"

"ನೀನೇ... ಸ್ವಲ್ಪ ಮಸುಕಾಗಿದೆ," ಎಂದರು ಉಮಾನಾಥರು.

ಸುಗಂಧಿಯ ಮೂಗು ಕೆಂಪಾಯಿತು. ಉಮಾನಾಥರಿಗೆ ಥಟ್ಟನೆ ಉಪಾಯ ಹೊಳೆಯಿತು. "ನಟಾಶಾ, ಹೊಸ ಡಾಲ್ಫಿನ್‌ಗೆ ಸುಗಂಧಿ ಅಂತ ಹೆಸರಿಡಮ್ಮ!"

"ಓಕೆ, ಅಂಕಲ್!"

ಸುಗಂಧಿ ನಾಚಿ ನಕ್ಕಳು. ಗಂಡನಿಗೆ ತಾನೇ ಬಾಳೆಹಣ್ಣು ಸುಲಿದುಕೊಟ್ಟಳು. ಉಮಾನಾಥರು ನೆಮ್ಮದಿಯ ಉಸಿರುಬಿಟ್ಟರು.

ನಟಾಶಾ ಡಾಲ್ಫಿನ್ ಪಟ್ಟಿಗೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದನ್ನು ಆರ್ಥರ್ ಗಟ್ಟಿಯಾಗಿ ಕನ್ನಡದಲ್ಲಿ ಓದಿದ: "ಸುಗಂಧಿ. ತುಂಬಾ ವಯಸ್ಸಾಗಿದೆ. ಬಣ್ಣ ಬಿಟ್ಟಿದೆ. ಬೆನ್ನು ಗೂನು. ಮೈತುಂಬಾ ಗೀರು. ಮೀನಿನ ದೋಣಿಯ ಹಿಂದೆ ಅಲೆಯುತ್ತದೆ."

ಸುಗಂಧಿ ಎದ್ದು ದೋಣಿಯ ಇನ್ನೊಂದು ತುದಿಗೆ ಹೋಗಿ ಕೂತಳು. ದಡ ಸೇರುವಷ್ಟರಲ್ಲಿ ಆರ್ಥರ್ ಆ ಫೋಟೊ, ವಿವರ ಎರಡನ್ನೂ 'ನಮ್ಮ ಸುಗಂಧಿ!' ಎಂಬ ಹೆಮ್ಮೆಯ ತಲೆಬರಹದೊಂದಿಗೆ ಕನ್ನಡ ಸಂಘದ ಗ್ರೂಪಿಗೆ ಹಾಕಿಯೂ ಆಗಿತ್ತು. ಅಭಿನಂದನೆಗಳು ಟಣ್ ಟಣ್ ಎಂದು ಬರತೊಡಗಿದವು.

ಮನೆ ಬಾಗಿಲಲ್ಲಿ ಸುಗಂಧಿ ಬಾಯಿಬಿಟ್ಟಳು.

"ಊಟ ಮಾಮಕ್ ಹೋಟೆಲಿಂದ ಪೊಟ್ಟಣ ಕಟ್ಟಿಸಿ ತಪಾವ್ ಮಾಡಿಸ್ಕೊಳ್ಳಿ. ತಿಂಗಳಿಡೀ. ವಯಸ್ಸಾದವಳು ನೋಡಿ, ನನ್ನ ಕೈಲಿ ಅಡುಗೆ ಆಗಲ್ಲ."