ಸೀನುವಾನಳ ತಿಪ್ಪೆ

ಹೆಂಡತಿ ಸೀನುವಾನ್ ಸತ್ತು ವರ್ಷ ತುಂಬುವ ಹೊತ್ತಿಗೆ ಅವಳ ತಿಪ್ಪೆಯಿಂದ ಒಂದು ಕೊಂಬಿನ ದುಂಬಿ ಎದ್ದು ಬಂತು. ನಾನ್ ಎಂಬ ಊರಿನ ಕ್ಷೌರಿಕ ಇನ್‌ಸೋನನ ತಾಪತ್ರಯಕ್ಕೆ ಅಷ್ಟು ಸಾಕಾಯಿತು.

ಬೇರೆಯವರ ಮನೆಗಳಲ್ಲಿ ಹುರಿದು ತಿನ್ನುವ ಗೊಣ್ಣೆಹುಳುಗಳನ್ನು ಅವಳು ಸಿಪ್ಪೆ ಸುರಿದು ಸಾಕಿದ್ದಳು. ಅವಳು ಹೋದಮೇಲೆ ಅಂಗಳದ ಆ ತಿಪ್ಪೆಯನ್ನು ಯಾರೂ ಕೆದಕಿರಲಿಲ್ಲ, ಇನ್‌ಸೋನನೂ. ಆದರೂ ಒಂದು ಹುಳು ಒಳಗೇ ತಿಂದು, ಮಣ್ಣಿನ ಗೂಡಿನಲ್ಲಿ ಮಲಗಿ, ಕೊಂಬು ಮೂಡಿಸಿಕೊಂಡು ಬಂದಿತ್ತು. ಇನ್ನು ಅದರ ಆಯುಸ್ಸು ಒಂದೆರಡು ತಿಂಗಳು. ಅಷ್ಟರಲ್ಲಿ ಅದಕ್ಕೊಂದು ಹೆಣ್ಣು ಸಿಕ್ಕಿ, ಅದು ಇದೇ ತಿಪ್ಪೆಯಲ್ಲಿ ಮೊಟ್ಟೆ ಇಡಬೇಕು. ಇನ್‌ಸೋನನಿಗೆ ಬೇರೇನೂ ಬೇಕಿರಲಿಲ್ಲ.

"ಚಳಿ ಬಂತು, ಹೆಣ್ಣು ಈಗೆಲ್ಲಿ ಸಿಗುತ್ತೆ?" ಅಂದಳು ಪಕ್ಕದ ಮನೆಯ ಬುವಾಚುಂ. "ದುಂಬಿ ಕಾಳಗ ಆಡಿಸೋ ಮೂನ್‌ತಾ ಮಾಮನ ಕೊರಡಲ್ಲಿ ಒಂದಿರ್ಬೇಕು. ಅದಿರ್ಲಿ, ಈ ತಿಪ್ಪೆ ಯಾವತ್ತು ತೆಗಿಸ್ತೀಯ? ನೋಡ್ತಾ ನೋಡ್ತಾ ನೀನೂ ಗೊಬ್ಬರ ಆಗ್ತೀಯ."

"ಇರ್ಲಿ ಬಿಡಕ್ಕ."

ಮೂನ್‌ತಾನ ಅಂಗಳದಲ್ಲಿ ದುಂಬಿ ಕಾಳಗ ನಡೆದಿತ್ತು. ಮರದ ಕೊರಡಿನ ತೂತಿನೊಳಗೆ ಹೆಣ್ಣನ್ನು ಬಚ್ಚಿಟ್ಟರೆ ಅದರ ವಾಸನೆಗೆ ಗಂಡುಗಳು ಕೊರಡಿನ ಮೇಲೆ ಕೊಂಬು ಬೆಸೆಯುತ್ತವೆ.

"ಸುಮ್ನೆ ಕೊಡಲ್ಲಪ್ಪ," ಅಂದ ಮೂನ್‌ತಾ. "ನನ್ನ ದುಂಬೀನ ಗೆದ್ದು ತಗೊಂಡ್ಹೋಗು."

"ಕೊಂಬು ಮುರಿದ್ರೆ, ಮಾಮ?"

"ಮದುವೆ ಖರ್ಚು ಉಳೀತು ಅನ್ಕೋ."

ಇನ್‌ಸೋನನ ದುಂಬಿ ಕಾದಾಡಲೇ ಇಲ್ಲ. ನೇರ ಹೋಗಿ ಹೆಣ್ಣಿದ್ದ ತೂತಿನ ಮೇಲೆ ಕೂತಿತು, ಹಬ್ಬಕ್ಕೆ ಬಂದ ಅಳಿಯ ಮಾವನ ಮನೆಯಲ್ಲಿ ಕೂತ ಹಾಗೆ. ಮೂನ್‌ತಾನ ದುಂಬಿ ತಿವಿಯಿತು, ತಳ್ಳಿತು, ಎತ್ತಲು ನೋಡಿತು. ಒಂದು ಕಾಲು ಮುರಿದರೂ ಇದು ಕದಲಲಿಲ್ಲ. ಕೊನೆಗೆ ದಣಿದು ಬೆನ್ನು ತಿರುಗಿಸಿದ್ದು ಮೂನ್‌ತಾನದೇ.

"ಇದೂ ಒಂದು ಗೆಲುವಾ?" ಅಂತ ಮೂನ್‌ತಾ ಗೊಣಗಿದ.

"ಕ್ಷೌರದಂಗಡೀಲಿ ಬೆಳ್ದಿದ್ದಲ್ವಾ," ಅಂದರು ಯಾರೋ, "ಕೂತ್ರೆ ಏಳಲ್ಲ."

ಹೆಣ್ಣನ್ನು ಗೆದ್ದು ಹೊರಟ ದಾರಿಯಲ್ಲೇ, ದುಂಬಿಗಳನ್ನು ಕೂರಿಸಿಕೊಂಡು ಒಯ್ಯುವ ಕಬ್ಬಿನ ತುಂಡಿನ ಮೇಲೆ, ಗಂಡು ಹೆಣ್ಣಿನ ಬೆನ್ನೇರಿತು. ಒಂದು ವರ್ಷದಲ್ಲಿ ಮೊದಲ ಬಾರಿಗೆ ಇನ್‌ಸೋನ್ ಅವಸರದಿಂದ ಮನೆಗೆ ನಡೆದ.

ಅಂಗಳ ಅಂಗೈಯಂತೆ ನುಣ್ಣಗಿತ್ತು. ಬುವಾಚುಂ ಪೊರಕೆ ಹಿಡಿದು ನಿಂತಿದ್ದಳು.

"ನಾಳೆ ಅವಳ ವರ್ಷದ ಪೂಜೆಗೆ ಭಿಕ್ಷುಗಳು ಬರ್ತಾರೆ. ನೀನಂತೂ ಮಾಡಲ್ಲ, ನಾವೇ ಹೆಂಗಸರು ಸೇರಿ ತಿಪ್ಪೆ ತೆಗೆದ್ವಿ. ಗೊಬ್ಬರ ಹಂಚ್ಕೊಂಡ್ವಿ, ಮಿಕ್ಕಿದ್ದಕ್ಕೆ ಬೆಂಕಿ ಹಾಕಿದ್ವಿ. ಎಷ್ಟು ಗೊಣ್ಣೆಹುಳು ಇತ್ತು ಗೊತ್ತಾ ಅದರಲ್ಲಿ? ಒಂದು ಬೋಗುಣಿ ತುಂಬ. ಹೋದ ಮಳೇಲಿ ಇಟ್ಟ ಮೊಟ್ಟೆಯವು, ಎಳೇವು. ನಿಂಗೇ ಅಂತ ಹುರಿದಿಟ್ಟಿದೀನಿ, ಬಾ."

ಇನ್‌ಸೋನ್ ಅಂಗಳವನ್ನು ನೋಡಿದ.

"ಚೆನ್ನಾಗಿದೆ ಅಲ್ವಾ?"

"ಹೂಂ ಅಕ್ಕ."

ಕಬ್ಬಿನ ತುಂಡನ್ನು ಬಾಗಿಲಿಗೆ ಒರಗಿಸಿ ಅವನು ಊಟಕ್ಕೆ ಕೂತ. ಬುವಾಚುಂ ಎರಡು ಸಲ ಬಡಿಸಿದಳು. ಹೊರಗೆ ಹೆಣ್ಣುದುಂಬಿ ಕಬ್ಬಿನಿಂದಿಳಿದು, ಗುಡಿಸಿದ ಗಟ್ಟಿ ನೆಲವನ್ನು ಅಲ್ಲಲ್ಲಿ ಕೆದಕಿ ನೋಡುತ್ತಿತ್ತು.