ಕಷಾಯ ಸೋಸಿದ ಬಟ್ಟೆ

ಪುಕ್ಕಟೆ ಸಲಹೆ ಕೊಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರು ಮುಕ್ಕಾಲು ಹೇಳಿ ಎದ್ದು ಹೋಗುತ್ತಾರೆ. ಉಳಿದ ಕಾಲು ಭಾಗಕ್ಕೆ ಬೈಸಿಕೊಳ್ಳುವವನು ನಾನು. ನೋಡಿ, ನಾನು ಮೊಳಕಾಲ್ಮೂರಿನ ನೇಕಾರ. ಮಗ್ಗದ ಜೊತೆಗೆ ಎರಡೆಕರೆ ತೊಗರಿಯೂ ಉಂಟು. ಈ ಸಲ ಸರಿಯಾಗಿ ಕಾಯಿ ಕಟ್ಟುವ ಹೊತ್ತಿಗೆ ಕಾಯಿಕೊರಕ ಹುಳು ಬಿತ್ತು. ಸುಮ್ಮನಿದ್ದರೆ ವರ್ಷದ ಬೇಳೆಗೇ ಕಲ್ಲು. ಚಳ್ಳಕೆರೆಯ ನನ್ನ ಷಡ್ಡಕ ಫೋನಿನಲ್ಲೇ ಉಪದೇಶ ಮಾಡಿದ: "ವಿಷ ಯಾಕೆ ಹೊಡೀತೀಯ? ಬೇವಿನ ಬೀಜ ಕುಟ್ಟಿ ರಾತ್ರಿಯೆಲ್ಲ ನೆನೆಸು, ಬಟ್ಟೇಲಿ ಸೋಸು, ಸೋಪಿನ ನೀರು ಬೆರೆಸಿ ಸಂಜೆಗೆ ಹೊಡಿ. ಅಷ್ಟೇ ಕಣಯ್ಯಾ!"

ಅಷ್ಟೇ ಅಂತೆ! ಯಾವ ಬಟ್ಟೆ ಅಂತ ಹೇಳಿದನೇ ಪುಣ್ಯಾತ್ಮ? ಹಳೆಯ ಪಂಚೆಯಲ್ಲಿ ಸೋಸಿದರೆ ಹಿಪ್ಪೆಯೂ ಇಳಿದು, ಎರಡು ಸಾಲಿಗೊಮ್ಮೆ ಪಂಪಿನ ನಾಜಲ್ ಕಟ್ಟಿಕೊಂಡಿತು. ಪ್ರತಿ ಸಲವೂ ಬಾಯಿಟ್ಟು ಊದಬೇಕು. ಮೂರು ದಿನ ನನಗೆ ಕಾಫಿಯೂ ಕಹಿ, ಪಾಯಸವೂ ಕಹಿ. ಆಗ ನನ್ನೊಳಗಿನ ನೇಕಾರ ಎದ್ದು ಕೂತ. ನೇಯ್ಗೆ ಒತ್ತಾಗಿದ್ದಷ್ಟೂ ಸೋಸುವುದು ಚೆನ್ನ ಎಂದು ನನಗೆ ಯಾರು ಹೇಳಿಕೊಡಬೇಕು? ಬೀರುವಿನಲ್ಲಿ ರೇಷ್ಮೆಯ ತುಂಡೊಂದು ಬಿದ್ದಿತ್ತು. ಉಳಿಕೆ ತುಂಡೆಂದುಕೊಂಡು ಬಿಂದಿಗೆಯ ಬಾಯಿಗೆ ಕಟ್ಟಿದೆ. ನಾಜಲ್ ಒಮ್ಮೆಯೂ ಕಟ್ಟಲಿಲ್ಲ. ನಾಲ್ಕು ದಿನದಲ್ಲಿ ಹುಳುಗಳು ಮೇಯುವುದನ್ನೇ ಬಿಟ್ಟವು.

ಹೊಗಳಲಿ ಎಂದು ಹೆಂಡತಿಗೆ ಹೇಳಿದೆ. "ಅಯ್ಯೋ ದೇವುಡಾ! ಅದು ನನ್ನ ಸೀರೆಯ ರವಿಕೆ ಬಟ್ಟೆ ಕಣ್ರೀ! ಅಕ್ಕನ ಮಗಳ ಮದುವೆಗೆ ಹೊಲಿಸ್ಬೇಕು ಅಂತ ಇಟ್ಟಿದ್ದೆ. ನೇಯ್ದೋರೇ ನೀವು, ಗುರುತು ಸಿಗಲಿಲ್ವಾ?"

ಸಿಗಲಿಲ್ಲ! ಹೇಗೆ ಸಿಗಬೇಕು? ನಾನು ನೇಯುವಾಗ ಅದು ಸೀರೆಯ ತುದಿಗಿತ್ತು; ಕತ್ತರಿಸಿಟ್ಟವಳು ಅವಳು. ಅವಳ ಅಕ್ಕನ ಗಂಡನೇ ಕೊಟ್ಟ ಸಲಹೆ, ಅವರ ಮನೆಯದೇ ಮದುವೆ, ಬೈಗುಳ ಮಾತ್ರ ನನಗೆ. ತೊಗರಿ ಉಳಿಸಿದವನಿಗೆ ಇದೇನಾ ಮರ್ಯಾದೆ? "ಹೋಗ್ಲಿ ಬಿಡು, ಇನ್ನೊಂದು ನೇಯ್ದು ಕೊಡ್ತೀನಿ" ಅಂದೆ. "ಮೊಳದುದ್ದ ರವಿಕೆಗೆ ಅಂತ ಮಗ್ಗಕ್ಕೆ ಹೊಸ ಹಾಸಿನೆಳೆ ಹಾಕ್ತೀರಾ? ಮದುವೆಗೆ ಹತ್ತೇ ದಿನ ಐತೆ!" ಎಂದು ಕಣ್ಣೊರೆಸಿಕೊಂಡು ಒಳಗೆ ಹೋದಳು. ತಪ್ಪು ನನ್ನದೇ ಎಂದು ಗೊತ್ತಿತ್ತು, ಆದರೆ ಒಪ್ಪಿಕೊಳ್ಳಲಿಲ್ಲ.

ವಾರದ ಮೇಲೆ ಮತ್ತೊಮ್ಮೆ ಹೊಡೆಯಬೇಕಿತ್ತು. ಹೆದರುತ್ತಲೇ ಸೋಸುವ ಬಟ್ಟೆ ಕೇಳಿದೆ. ಒಳಗಿನಿಂದ ಒಂದು ಬಟ್ಟೆ ತಂದು ಕೈಗಿಟ್ಟಳು. "ತಗೊಳ್ರಿ, ಇದರ ನೇಯ್ಗೆ ಇನ್ನೂ ಒತ್ತಾಗೈತೆ." ಮದುವೆಯಲ್ಲಿ ಉಡಲೆಂದು ನಾನೇ ನೇಯ್ದುಕೊಂಡಿದ್ದ ರೇಷ್ಮೆ ಪಂಚೆ! ಈ ಸಲ ಗುರುತು ಮಾತ್ರ ಮೊದಲ ನೋಟಕ್ಕೇ ಸಿಕ್ಕಿತು.